ಸಗಣಿ ನೀರಿನ ಹೊಂಡ ಸೋರುತ್ತಿದೆಯಾ? ಬಕೆಟ್ ಇಟ್ಟು ನೋಡಿ

ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಹಸು ಸಾಕುವವರನ್ನು ಕೇಳಿದರೆ, "ಹೊಂಡದ ನೀರು ಬಿಸಿಲಿಗೆ ಆರುತ್ತೆ ಬಿಡಿ" ಅನ್ನುತ್ತಾರೆ. ಎಲ್ಲಾ ಆರುವುದಿಲ್ಲ. ಒಂದಷ್ಟು ಬಂಡೆಯ ಬಿರುಕು ಹಿಡಿದು ಬೋರ್‌ವೆಲ್ ಸೇರಬಹುದು. ಆರಿದ್ದೆಷ್ಟು, ಸೋರಿದ್ದೆಷ್ಟು ಅಂತ ಮನೆಯಲ್ಲೇ ಅಳೆಯಬಹುದು.

ಮೊದಲು ಹೊಂಡದ ಏರಿಯನ್ನು ಒಂದು ಸುತ್ತು ಸುತ್ತಿ ಬನ್ನಿ. ಇಲಿ ಬಿಲ, ಮರದ ಬೇರು, ಕೆಳಬದಿಯಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಹುಲ್ಲು ಕಂಡರೆ ಬರೆದಿಟ್ಟುಕೊಳ್ಳಿ. ಹೊಂಡಕ್ಕೆ ಮಾತ್ರ ಇಳಿಯಬೇಡಿ. ಕೆಸರು ಕದಡಿದರೆ ವಿಷಗಾಳಿ ಏಳುತ್ತದೆ.

ಎಲ್ಲರೂ ಎಡವುವುದು ಅಳತೆಯಲ್ಲಿ. ಬಕೆಟ್‌ಗೆ ಹೊಂಡದ ನೀರನ್ನೇ ತುಂಬಿ. ಅದನ್ನು ಏರಿಯ ಮೇಲೆ ಇಡಬೇಡಿ, ಅಲ್ಲಿ ನೀರು ಬೇರೆ ಲೆಕ್ಕದಲ್ಲಿ ಆರುತ್ತದೆ. ಅಂಚಿನಲ್ಲಿ ಗೂಟ ನೆಟ್ಟು, ಒಳಗಿನ ನೀರು ಹೊರಗಿನ ನೀರಿಗೆ ಸಮನಾಗುವಂತೆ ಬಕೆಟ್ ಮುಳುಗಿಸಿ ಅಲುಗಾಡದಂತೆ ಬಿಗಿಯಾಗಿ ಕಟ್ಟಿ. ಪಕ್ಕದಲ್ಲೇ ಹೊಂಡದ ನೀರಿನಲ್ಲಿ ಎರಡೂ ಬಾಯಿ ತೆರೆದ ಪಿವಿಸಿ ಪೈಪಿನ ತುಂಡೊಂದನ್ನು ನಿಲ್ಲಿಸಿ ಕಟ್ಟಿ. ಅದರೊಳಗೆ ಅಲೆ ಇರುವುದಿಲ್ಲ. ಪೈಪಿನ ಬಾಯಿಗೂ ಬಕೆಟ್ಟಿನ ಬಾಯಿಗೂ ಬಣ್ಣದ ಗುರುತು ಹಾಕಿ, ಅಲ್ಲಿಂದ ನೀರಿನವರೆಗೆ ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. ಪ್ರತಿ ಸಲವೂ ಅದೇ ಗುರುತಿನಿಂದ ಅಳೆಯಬೇಕು.

ಸಂಜೆ ಕೊಟ್ಟಿಗೆ ತೊಳೆದ ಮೇಲೆ ಹೊಂಡಕ್ಕೆ ಬರುವ ನೀರನ್ನು ಪೂರ್ತಿ ನಿಲ್ಲಿಸಿ ಅಳೆಯಿರಿ. ಬೆಳಗ್ಗೆ ತೊಳೆಯುವ ಮುಂಚೆ ಮತ್ತೆ ಅಳೆಯಿರಿ. ಗಾಳಿ, ಮಳೆ ಇಲ್ಲದ ರಾತ್ರಿಯೇ ಬೇಕು. ಒಂದು ರಾತ್ರಿಯ ಲೆಕ್ಕ ನಂಬಬೇಡಿ, ಮೂರ್ನಾಲ್ಕು ರಾತ್ರಿ ನೋಡಿ.

ಹೊಂಡ 5 ಮಿ.ಮೀ., ಬಕೆಟ್ 2 ಮಿ.ಮೀ. ಇಳಿದಿದ್ದರೆ ಸೋರಿದ್ದು 3 ಮಿ.ಮೀ. ಸುಮ್ನೆ ಕೂದಲೆಳೆಯಷ್ಟು ಅನ್ನಿಸಬಹುದು. 10 ಮೀಟರ್‌ಗೆ 20 ಮೀಟರ್ ಹೊಂಡದಲ್ಲಿ ಅದು ರಾತ್ರಿಗೆ 600 ಲೀಟರ್!

ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕೊಟ್ಟು, ಸಗಣಿ, ಗಂಜಲದಿಂದ ನೀರಿಗೆ ಸೇರುವ ನೈಟ್ರೇಟ್ ಎಂಬ ಲವಣ ಎಷ್ಟಿದೆ ನೋಡಿಸಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿ.ಗ್ರಾಂ. ಅದಕ್ಕಿಂತ ಜಾಸ್ತಿ ಇದ್ದರೆ ಎಳೆ ಕೂಸಿಗೆ ಆ ನೀರು ಕೊಡಲೇಬೇಡಿ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ. ಹೋಲಿಸಿ ನೋಡಲು ಹೊಂಡಕ್ಕಿಂತ ಮೇಲ್ಬದಿಯ ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿಸಿ. ಯೂರಿಯಾದಿಂದಲೂ, ಶೌಚದ ಗುಂಡಿಯಿಂದಲೂ ನೈಟ್ರೇಟ್ ಬರುತ್ತದೆ, ಅಲ್ವಾ?

ಸೋರಿಕೆ ಖಚಿತವಾದರೆ ತೆಳು ಟಾರ್ಪಾಲ್ ಹಾಸಿ ಕೈ ತೊಳೆದುಕೊಳ್ಳಬೇಡಿ, ಬೇಗ ಹರಿಯುತ್ತದೆ. ಹೊಂಡವನ್ನು ಅರ್ಧ ಖಾಲಿ ಮಾಡಿ ಮತ್ತೆ ಅಳೆಯಿರಿ. ಸೋರುವುದು ನಿಂತರೆ ತೂತು ಮೇಲಿನ ಅರ್ಧದಲ್ಲಿದೆ. ಅಷ್ಟು ಏರಿಯನ್ನು ಅಗೆದು, ಜೇಡಿಮಣ್ಣು ಹಾಕಿ ದಮ್ಮಸ್ಸು ಮಾಡಿಸಿದರೆ ಸಾಕು. ನಿಲ್ಲದಿದ್ದರೆ ತಳಕ್ಕೂ ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ ಹಾಸಿಸಬೇಕು.