ನಾಯಿಮರಿ ತರುವ ಮೊದಲು: ಲಾಸ್ ಏಂಜಲೀಸ್‌ನ ಆಪರೇಷನ್ ಕಾನೂನು

ಮನೆ, ಕಾರು, ಶಾಲೆ ಎಲ್ಲ ಒಂದು ಹದಕ್ಕೆ ಬಂದ ಮೇಲೆ ನಮ್ಮೂರಿಂದ ಅಮೆರಿಕಕ್ಕೆ ಬಂದ ಹೊಸಬರು ನನ್ನನ್ನು ಕೇಳುವುದು ಇದನ್ನೇ: "ಅಕ್ಕಾ, ಮಕ್ಕಳು ನಾಯಿಮರಿ ಬೇಕು ಅಂತ ಹಟ ಹಿಡಿದಿದ್ದಾರೆ. ತರಬಹುದಾ?" ಖಂಡಿತ ತನ್ನಿ. ಆದರೆ ನಿಮ್ಮ ಮನೆ ಲಾಸ್ ಏಂಜಲೀಸ್ ಸಿಟಿಯೊಳಗೆ ಇದ್ದರೆ ಒಂದು ಕಾನೂನು ತಿಳಿದಿರಲಿ. ನಾಯಿಯೋ ಬೆಕ್ಕೋ, ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಅದಕ್ಕೆ ಮರಿಯಾಗದಂತೆ ಆಪರೇಷನ್ ಆಗಿರಬೇಕು. 2008ರಿಂದ ಇದು ಕಡ್ಡಾಯ.

ನಮ್ಮೂರಲ್ಲಿ ಈ ಆಪರೇಷನ್ ಅಂದರೆ ನೆನಪಾಗುವುದು ಬೀದಿನಾಯಿ. ಕಾರ್ಪೊರೇಷನ್ ಗಾಡಿ ಬರುತ್ತದೆ, ಹಿಡಿದುಕೊಂಡು ಹೋಗಿ ಆಪರೇಷನ್ ಮಾಡುತ್ತಾರೆ, ಗುರುತಿಗೆ ಕಿವಿಯಲ್ಲಿ ಸ್ವಲ್ಪ ಕತ್ತರಿಸಿ ಅದೇ ಬೀದಿಗೆ ತಂದು ಬಿಡುತ್ತಾರೆ. ಮನೆ ನಾಯಿಗೆ ಮಾಡಿಸುವುದು ಬಿಡುವುದು ಮನೆಯವರ ಇಷ್ಟ. ಹಾಗಾಗಿ ಇಲ್ಲಿನ ಕಾನೂನು ಕೇಳಿದ ತಕ್ಷಣ ನಮ್ಮವರು ಗಾಬರಿಯಾಗುತ್ತಾರೆ. ನಾವೂ ಆಗಿದ್ದೆವು.

ನಮ್ಮ ಮನೆಗೆ ಬಂದದ್ದು ಗೋಲ್ಡನ್ ರಿಟ್ರೀವರ್ ಗಂಡು ಮರಿ. ಮೊದಲು ಹೋದ ಕ್ಲಿನಿಕ್‌ನಲ್ಲಿ "ನಾಲ್ಕು ತಿಂಗಳಿಗೆ ಮಾಡಿಸಲೇಬೇಕು, ಬೇರೆ ದಾರಿ ಇಲ್ಲ" ಅಂದರು. ದಿನಾಂಕವನ್ನೂ ಬರೆದುಕೊಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಲೂರಿ ನಿಲ್ಲುವುದನ್ನೂ ಸರಿಯಾಗಿ ಕಲಿಯದ ಮರಿ ಅದು. ಮರುದಿನ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ಮರಿಯ ಸೊಂಟ, ಕಾಲು ಮುಟ್ಟಿ ನೋಡಿ, "ಈ ತಳಿಗೆ ಒಂದು ವರ್ಷವಾದರೂ ಕಾಯುವುದು ಒಳ್ಳೆಯದು" ಅಂದರು.

ಯಾಕೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಎಲುಬು ಬೆಳೆಯುವುದನ್ನು ನಿಲ್ಲಿಸಲು ದೇಹದ ಹಾರ್ಮೋನುಗಳು ಬೇಕು. ಆಪರೇಷನ್‌ನಿಂದ ಅವು ಬೇಗ ನಿಂತುಹೋದರೆ ಎಲುಬು ಬೇಕಾದ್ದಕ್ಕಿಂತ ಉದ್ದ ಬೆಳೆಯುತ್ತದೆ, ಕೀಲು ಸರಿಯಾಗಿ ಕೂರುವುದಿಲ್ಲ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 759 ಗೋಲ್ಡನ್ ರಿಟ್ರೀವರ್‌ಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದರು. ಒಂದು ವರ್ಷದೊಳಗೆ ಆಪರೇಷನ್ ಆದ ಗಂಡುಗಳಲ್ಲಿ ಸೊಂಟದ ಕೀಲಿನ ತೊಂದರೆ, ಆಪರೇಷನ್ ಆಗದವುಗಳ ಎರಡರಷ್ಟಿತ್ತು. 2020ರಲ್ಲಿ ಅದೇ ತಂಡ 35 ತಳಿಗಳನ್ನು ನೋಡಿತು. ಚಿಕ್ಕ ತಳಿಗಳಲ್ಲಿ ಕೀಲಿನ ತೊಂದರೆ ಅಷ್ಟಾಗಿ ಕಾಣಲಿಲ್ಲ. ಅಂದರೆ ಒಂದೊಂದು ತಳಿಗೆ ಒಂದೊಂದು ವಯಸ್ಸು ಸರಿ. ಕಾನೂನು ಮಾತ್ರ ಎಲ್ಲಕ್ಕೂ ಒಂದೇ ತಾರೀಖು ಇಟ್ಟಿದೆ. ನನ್ನ ವಿರೋಧ ಇರುವುದು ಇಲ್ಲಿಯೇ.

ಆಪರೇಷನ್ನೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಅಪಾಯವಾಗುವುದುಂಟು. ಆಪರೇಷನ್ ಆದರೆ ಆ ಭಯವಿಲ್ಲ. ಬೆಕ್ಕಿನ ವಿಷಯದಲ್ಲಂತೂ ತಡಮಾಡಲೇಬೇಡಿ. ನಾಲ್ಕು ತಿಂಗಳಿಗೇ ಗಬ್ಬವಾಗುವ ಬೆಕ್ಕುಗಳಿವೆ. ದಿಕ್ಕಿಲ್ಲದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಶೆಲ್ಟರ್‌ಗಳು ತುಂಬಿ, ಯಾರೂ ಕರೆದುಕೊಂಡು ಹೋಗದ ಪ್ರಾಣಿಗಳನ್ನು ಸಾಯಿಸುವುದು ನೋಡಲಾಗದೆ ಈ ಕಾನೂನು ತಂದರು. ಆ ಸಂಕಟ ನಿಜ. ಆದರೆ ಕಡ್ಡಾಯದಿಂದ ಅದು ನೀಗುತ್ತದೆ ಅಂತ ನನಗೆ ಅನಿಸುವುದಿಲ್ಲ. ದುಡ್ಡಿಲ್ಲದವರು ದಂಡಕ್ಕೆ ಹೆದರಿ ನಾಯಿಯನ್ನು ಬಚ್ಚಿಡುತ್ತಾರೆ. ನಾಯಿಗೆ ಸಿಟಿಯ ಲೈಸೆನ್ಸ್ ಮಾಡಿಸುವುದಿಲ್ಲ, ರೇಬೀಸ್ ಲಸಿಕೆಗೂ ಹೋಗುವುದಿಲ್ಲ. ಅಮೆರಿಕದ ಪಶುವೈದ್ಯರ ಸಂಘವೇ ಈ ಕಾರಣ ಕೊಟ್ಟು, ಸಾಕುಪ್ರಾಣಿಗಳಿಗೆ ಕಡ್ಡಾಯ ಆಪರೇಷನ್ ಕಾನೂನು ಬೇಡ ಅನ್ನುತ್ತದೆ. ಆಪರೇಷನ್ ಮಾಡಿಸಿ ಅಂತ ಹೇಳುವ ಡಾಕ್ಟರುಗಳೇ ಹೀಗೆ ಹೇಳಿದರೆ ಕೇಳಬೇಕು, ಅಲ್ವಾ?

ಇಡೀ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಇಂಥದ್ದೇ ಕಾನೂನು ತರಲು 2007ರಲ್ಲಿ ಎಬಿ 1634 ಅನ್ನುವ ಮಸೂದೆ ಬಂದಿತ್ತು. ಜೋರು ವಿರೋಧ ಎದ್ದಿತು, ಮಸೂದೆ ಪಾಸಾಗಲಿಲ್ಲ. ಲಾಸ್ ಏಂಜಲೀಸ್ ಕಾನೂನಿನ ಮೇಲೂ ನಾಯಿ ಸಾಕುವವರು ಕೋರ್ಟಿಗೆ ಹೋದರು. 2011ರಲ್ಲಿ ಮೇಲ್ಮನವಿ ಕೋರ್ಟು ಕಾನೂನನ್ನೇ ಎತ್ತಿಹಿಡಿಯಿತು. ಆದ್ದರಿಂದ ಒಪ್ಪದಿದ್ದರೂ ಪಾಲಿಸಬೇಕು.

ಈಗ ನೀವು ಮಾಡಬೇಕಾದ್ದು. ಮೊದಲು ಮನೆ ಯಾವ ಸಿಟಿಗೆ ಸೇರಿದೆ ಅಂತ ನೋಡಿ. ಬರ್‌ಬ್ಯಾಂಕ್, ಗ್ಲೆಂಡೇಲ್, ಇರ್ವೈನ್ ಎಲ್ಲ ಬೇರೆ ಬೇರೆ ಸಿಟಿ, ನಿಯಮವೂ ಬೇರೆ ಇರಬಹುದು. ಶೆಲ್ಟರ್‌ನಿಂದ ತರುವುದಾದರೆ ಸಾಮಾನ್ಯವಾಗಿ ಆಪರೇಷನ್ ಮುಗಿಸಿಯೇ ಕೊಡುತ್ತಾರೆ, ತಲೆಬಿಸಿ ಇಲ್ಲ. ದೊಡ್ಡ ತಳಿಯ ಮರಿ ತಂದರೆ ಮೂರನೇ ತಿಂಗಳಲ್ಲೇ ಡಾಕ್ಟರ್ ಹತ್ತಿರ ಈ ಮಾತು ಎತ್ತಿ. ಸಿಟಿಯ ಕಾನೂನಿನಲ್ಲೇ ವಿನಾಯಿತಿ ಇದೆ. "ಇಂಥ ದಿನಾಂಕದ ನಂತರ ಮಾಡಿಸುವುದು ಈ ನಾಯಿಯ ಆರೋಗ್ಯಕ್ಕೆ ಒಳ್ಳೆಯದು" ಅಂತ ಲೈಸೆನ್ಸ್ ಇರುವ ಪಶುವೈದ್ಯರು ಬರೆದುಕೊಟ್ಟರೆ ಸಾಕು. ನಮ್ಮ ಮರಿಯನ್ನು ಉಳಿಸಿದ್ದು ಆ ಒಂದು ಹಾಳೆ. ಅದನ್ನು ಸಿಟಿಯ ಪ್ರಾಣಿ ಇಲಾಖೆಗೆ ಕೊಡಿ, ಒಂದು ಪ್ರತಿ ಮನೆಯಲ್ಲಿಡಿ. ಆಪರೇಷನ್ ಆಗದ ನಾಯಿಗೆ ಲೈಸೆನ್ಸ್ ಶುಲ್ಕ ಜಾಸ್ತಿ. ಕಟ್ಟಿಬಿಡಿ, ಬಚ್ಚಿಡಬೇಡಿ. ಖರ್ಚು ಭಾರ ಅನಿಸಿದರೆ ಆಪರೇಷನ್‌ಗೆ ಸಿಟಿಯ ರಿಯಾಯಿತಿ ಕೂಪನ್ ಇದೆ, ಕೇಳಲು ಸಂಕೋಚ ಬೇಡ.

ಇನ್ನೊಂದು ವಿಷಯ. "ನಾವು ವೀಸಾದ ಮೇಲೆ ಇದ್ದೇವೆ, ನಮಗೇಕೆ ಈ ಉಸಾಬರಿ" ಅಂತ ತುಂಬ ಜನ ಸುಮ್ನೆ ಇದ್ದುಬಿಡುತ್ತಾರೆ. ಸಿಟಿ ಕೌನ್ಸಿಲ್ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಮಯ ಇಟ್ಟಿರುತ್ತಾರೆ. ಅದಕ್ಕೆ ಈ ದೇಶದ ಪ್ರಜೆಯೇ ಆಗಿರಬೇಕು ಅಂತಿಲ್ಲ. ನಾಲ್ಕು ತಿಂಗಳ ಗಡುವನ್ನು ತಳಿ ನೋಡಿ ಸಡಿಲಿಸಿ ಅಂತ ಕೇಳಲು ನಾನು ಹೋಗುವವಳಿದ್ದೇನೆ. ಜೊತೆಗೆ ಬರುವುದಾದರೆ ಹೇಳಿ, ಕಾರಿನಲ್ಲಿ ಜಾಗ ಇದೆ.