ಲಾರಿಗೆ ಹೊರಗಿನ ಫಿಟ್ಟಿಂಗ್ ಹಾಕಿಸಿದರೆ ಮೈಲೇಜ್ ಬರುತ್ತದೆಯೇ? ದುಡ್ಡು ಕೊಡುವ ಮೊದಲು ಹೀಗೆ ನೋಡಿ

ಅಂಕೋಲಾದಿಂದ ಹುಬ್ಬಳ್ಳಿಗೆ, ಕುಮಟಾದಿಂದ ಶಿರಸಿಗೆ ಗಾಡಿ ಓಡಿಸುವವರು ನಾಲ್ಕು ಜನ ಸೇರಿದರೆ ಇದೇ ಮಾತು. ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವ ಚಿಪ್ ಹಾಕಿಸಿದರೆ ಲೀಟರಿಗೆ ಅರ್ಧ ಕಿಲೋಮೀಟರ್ ಜಾಸ್ತಿ ಬರುತ್ತದಂತೆ, ಡೀಸೆಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಉಳಿತಾಯವಂತೆ, ಕ್ಯಾಬಿನ್ ಮೇಲೆ ಗಾಳಿಯನ್ನು ಮೇಲಕ್ಕೆ ತಿರುಗಿಸುವ ಡಿಫ್ಲೆಕ್ಟರ್ ಕೂರಿಸಿದರೆ ಗಾಡಿ ಹಗುರವಾಗಿ ಓಡುತ್ತದಂತೆ. ನೇರವಾಗಿ ಹೇಳುತ್ತೇನೆ. ಇವುಗಳಲ್ಲಿ ಬಹುಪಾಲು ಏನೂ ಕೊಡುವುದಿಲ್ಲ. ಒಂದೆರಡು ಕೊಡುತ್ತವೆ, ಆದರೆ ನಿಮ್ಮ ಗಾಡಿ ಘಟ್ಟ ಹತ್ತುತ್ತದೋ ಅಥವಾ ಕಡಲ ಪಕ್ಕದ ಹೈವೇಯಲ್ಲಿ ಓಡುತ್ತದೋ ಅನ್ನುವುದನ್ನು ನೋಡಿಯೇ ಅದನ್ನು ಹೇಳಬೇಕು.

ಮೊದಲು ಡೀಸೆಲ್ ಎಲ್ಲಿಗೆ ಹೋಗುತ್ತಿದೆ ಅಂತ ಲೆಕ್ಕ ಹಾಕಿ. ಶಿರಸಿ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಲೋಡು ಸೇರಿ 16 ಟನ್ ತೂಗುವ ಗಾಡಿಯನ್ನು ಕುಮಟಾದಿಂದ ಅಷ್ಟು ಎತ್ತರಕ್ಕೆ ಎತ್ತಲು, ಬರೀ ಎತ್ತುವುದಕ್ಕೇ, ಆರೂವರೆಯಿಂದ ಏಳು ಲೀಟರ್ ಬೇಕು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದೆ, ಒಳ್ಳೆಯ ಎಂಜಿನ್ ಕೂಡ ಅದರಲ್ಲಿ ನೂರಕ್ಕೆ 40ರಷ್ಟನ್ನು ಮಾತ್ರ ಕೆಲಸಕ್ಕೆ ಹಚ್ಚುತ್ತದೆ, ಉಳಿದದ್ದು ಬಿಸಿಯಾಗಿ ರೇಡಿಯೇಟರ್, ಸೈಲೆನ್ಸರ್ ದಾರಿಯಲ್ಲಿ ಹೊರಗೆ ಹೋಗುತ್ತದೆ. ಟೈರ್ ಉರುಳಿಸುವ ಖರ್ಚು ಇದರ ಮೇಲೆ ಬೇರೆ. ಅಂದರೆ ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲಿ ನಿಮ್ಮ ಡೀಸೆಲ್ ತಿನ್ನುವುದು ತೂಕ. ಒಂದು ಟನ್ ಕಡಿಮೆಯಾದರೆ ಪ್ರತಿ ಸಲ ಹತ್ತುವಾಗ ಸುಮಾರು 400 ಮಿಲಿಲೀಟರ್ ಉಳಿಯುತ್ತದೆ. ಇದನ್ನು ಯಾವ ಡಬ್ಬಿಯೂ ಬದಲಾಯಿಸಲು ಆಗುವುದಿಲ್ಲ.

ಹಾಗಾಗಿ ಘಟ್ಟದ ಗಾಡಿಯವರು ಮೊದಲು ಮಾಡಬೇಕಾದದ್ದು ಖಾಲಿ ಗಾಡಿಯನ್ನು ವೇ ಬ್ರಿಜ್ ಮೇಲೆ ನಿಲ್ಲಿಸುವುದು. ಆರ್‌ಸಿಯಲ್ಲಿರುವ ಖಾಲಿ ತೂಕಕ್ಕೂ ಅಲ್ಲಿ ಬರುವ ತೂಕಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಮುಂದೆ ಕಬ್ಬಿಣದ ಗಾರ್ಡ್, ಮೇಲೆ ಕ್ಯಾರಿಯರ್, ದಪ್ಪ ತಗಡಿನ ಬಾಡಿ, ಎರಡೆರಡು ಟೂಲ್ ಬಾಕ್ಸ್, ಯಾವಾಗಲೋ ಹಾಕಿ ಮರೆತ ಸರಪಳಿ, ಎಲ್ಲ ಸೇರಿ ನೂರಾರು ಕೆಜಿ ಆಗಿರುತ್ತದೆ. ಬಾಡಿ ಬಿಟ್ಟು ಉಳಿದದ್ದನ್ನೆಲ್ಲ ಇಳಿಸುವುದಕ್ಕೆ ದುಡ್ಡು ಬೇಕಿಲ್ಲ.

ಈಗ ಮಾರಾಟದ ಸಾಮಾನು. ಮ್ಯಾಗ್ನೆಟ್, ಟ್ಯಾಂಕಿಗೆ ಹಾಕುವ ಗುಳಿಗೆ, ಗಾಳಿ ತಿರುಗಿಸುವ ಫ್ಯಾನಿನಂಥ ತುಂಡು, ಇಂಥವನ್ನು ಅಮೆರಿಕದ ಪರಿಸರ ಇಲಾಖೆ ಇಪಿಎ ವರ್ಷಗಟ್ಟಲೆ ಪರೀಕ್ಷೆ ಮಾಡಿದೆ, ನೂರಕ್ಕೂ ಹೆಚ್ಚು. ಬೆರಳೆಣಿಕೆಯಷ್ಟು ಮಾತ್ರ ಚೂರು ಉಳಿತಾಯ ತೋರಿಸಿದವು, ಅದರಲ್ಲೂ ಕೆಲವು ಹೊಗೆ ಜಾಸ್ತಿ ಮಾಡಿದವು. ನೀರಿನಿಂದ ಹೈಡ್ರೋಜನ್ ತೆಗೆದು ಎಂಜಿನ್‌ಗೆ ಕೊಡುವ ಕಿಟ್ ಕೂಡ ಹಾಗೆಯೇ. ಅದಕ್ಕೆ ಕರೆಂಟ್ ಕೊಡುವುದು ಆಲ್ಟರ್ನೇಟರ್, ಆಲ್ಟರ್ನೇಟರ್ ತಿರುಗಿಸುವುದು ಅದೇ ಎಂಜಿನ್, ಎಂಜಿನ್ ಉಣ್ಣುವುದು ಅದೇ ಡೀಸೆಲ್. ದಾರಿಯುದ್ದಕ್ಕೂ ಸೋರಿಕೆ, ಕೊನೆಗೆ ಲಾಭ ಎಲ್ಲಿಂದ ಬರಬೇಕು?

ಚಿಪ್ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ಸುಮ್ನೆ ಬಾಯಿಮಾತಲ್ಲ, ಗಾಡಿಯ ಎಳೆತ ನಿಜವಾಗಿಯೂ ಹೆಚ್ಚಾಗುತ್ತದೆ. ಆದರೆ ಹೆಚ್ಚಾಗುವುದು ಜಾಸ್ತಿ ಡೀಸೆಲ್ ಒಳಗೆ ಬಿಡುವುದರಿಂದ. ಹುಬ್ಬಳ್ಳಿ ದಾರಿಯ ಆರಬೈಲ್ ಘಟ್ಟದಲ್ಲಿ ಒಂದು ಗೇರ್ ಮೇಲೆ ಹತ್ತಿತು ಅಂತ ಖುಷಿಯಾಗುತ್ತದೆ, ಆ ಎಳೆತ ಸಿಕ್ಕಿದ ಮೇಲೆ ಕಾಲು ಸುಮ್ಮನಿರಬೇಕಲ್ವಾ? ಇನ್ನೊಂದು ಸೂಕ್ಷ್ಮ ಇದೆ. ವೈರಿಂಗ್ ನಡುವೆ ಸಿಕ್ಕಿಸುವ ಬಾಕ್ಸ್ ಬಹಳಷ್ಟು ಸಲ ಮಾಡುವ ಕೆಲಸ ಏನೆಂದರೆ, ಇಂಜೆಕ್ಟರ್‌ಗಳಿಗೆ ಡೀಸೆಲ್ ಕೊಡುವ ಪೈಪಿನ (ರೈಲ್) ಒತ್ತಡ ಕಡಿಮೆ ಇದೆ ಅಂತ ಎಂಜಿನ್ ಕಂಪ್ಯೂಟರಿಗೆ ಸುಳ್ಳು ಹೇಳುವುದು. ಕಂಪ್ಯೂಟರ್ ಒತ್ತಡ ಏರಿಸುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ, ಅದರ ಲೆಕ್ಕದಲ್ಲಿ ಮಾತ್ರ ಮೊದಲಿನಷ್ಟೇ ಹೋಗಿದೆ. ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ ಚೆನ್ನಾಗಿ ಕಾಣುತ್ತದೆ, ಪಂಪಿನಲ್ಲಿ ಬಿಲ್ ಬೇರೆ ಬರುತ್ತದೆ. ಚಿಪ್ ಹಾಕಿದವರು ಡ್ಯಾಶ್‌ಬೋರ್ಡ್ ಫೋಟೋ ತೋರಿಸಿದರೆ ಅದನ್ನು ನಂಬಬೇಡಿ, ಡೀಸೆಲ್ ಬಿಲ್ ಕೇಳಿ.

2020ರ ಏಪ್ರಿಲ್ ನಂತರ ಬಂದ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ ಹೊಗೆ ಶುದ್ಧ ಮಾಡುವ ಯೂರಿಯಾ ಬಂದ್ ಮಾಡಿಸುವುದು, ಸೈಲೆನ್ಸರ್ ತೆಗೆಸುವುದು ಬೇಡವೇ ಬೇಡ. ಸೆನ್ಸರ್‌ಗೆ ಗೊತ್ತಾದರೆ ಎಂಜಿನ್ ತಾನೇ ಶಕ್ತಿ ಇಳಿಸುತ್ತದೆ, ಲೋಡು ಹೊತ್ತು ಘಟ್ಟದ ನಡುವೆ ಹಾಗಾದರೆ ಏನು ಗತಿ? ವಾರಂಟಿ ಹೋಗುತ್ತದೆ. ಕಾನೂನು ಬೇರೆ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ, 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮುಂದಿನ ಕಬ್ಬಿಣದ ಗಾರ್ಡ್ ಕೂಡ ಇದೇ ಸೆಕ್ಷನ್‌ಗೆ ಬರುತ್ತದೆ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದೆ.

ಡಿಫ್ಲೆಕ್ಟರ್‌ಗೆ ಬೆಲೆ ಇದೆ, ಎಲ್ಲರಿಗೂ ಅಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, 40ರಲ್ಲಿ ಇದ್ದದ್ದು 80ರಲ್ಲಿ ನಾಲ್ಕು ಪಟ್ಟು. ಕಾರವಾರದಿಂದ ಮಂಗಳೂರಿಗೋ ಮುಂಬೈ ಕಡೆಗೋ ಎತ್ತರದ ಕಂಟೇನರ್ ಅಥವಾ ಮೀನಿನ ಇನ್ಸುಲೇಟೆಡ್ ಬಾಕ್ಸ್ ಹೊತ್ತು ಹೈವೇಯಲ್ಲೇ ಓಡುವ ಗಾಡಿಗೆ, ಬಾಕ್ಸ್ ಕ್ಯಾಬಿನ್‌ಗಿಂತ ಮೇಲೆ ಎದ್ದು ನಿಂತಿದ್ದರೆ, ಹಾಕಿಸಬಹುದು. ಡಿಫ್ಲೆಕ್ಟರಿನ ತುದಿ ಬಾಕ್ಸಿನ ಎತ್ತರಕ್ಕೆ ಸರಿಯಾಗಿ ಬರಬೇಕು. ಚಿರೇಕಲ್ಲು ಹೊರುವ ಗಾಡಿಗೆ ಹಾಕಿಸಿದರೆ ನಷ್ಟ. ಕಲ್ಲು ಕ್ಯಾಬಿನ್‌ಗಿಂತ ಕೆಳಗೇ ಇರುತ್ತದೆ, ಇಲ್ಲದ ಗೋಡೆಯೊಂದನ್ನು ನೀವೇ ಗಾಳಿಗೆ ಎದುರು ಕಟ್ಟಿದ ಹಾಗಾಗುತ್ತದೆ. ಪಟಪಟ ಬಡಿಯುವ ಟಾರ್ಪಾಲು ಬಿಗಿಯಾಗಿ ಕಟ್ಟಿ, ಅದಕ್ಕೆ ಹಗ್ಗ ಮಾತ್ರ ಸಾಕು.

ನಾನು ದುಡ್ಡು ಹಾಕಿ ಅನ್ನುವುದು ಟೈರಿಗೆ. ನೈಲಾನ್ ಟೈರ್ ಬಿಟ್ಟು ಉಕ್ಕಿನ ತಂತಿಯ ರೇಡಿಯಲ್ ಟೈರಿಗೆ ಬಂದರೆ ಉರುಳುವ ತಡೆ ಕಡಿಮೆಯಾಗುತ್ತದೆ, ಇದು ಘಟ್ಟದಲ್ಲೂ ಹೈವೇಯಲ್ಲೂ ಕೆಲಸ ಮಾಡುತ್ತದೆ. ಆದರೆ ಹವಾ ಸರಿ ಇಲ್ಲದಿದ್ದರೆ ಅದೂ ವ್ಯರ್ಥ. ಎಲ್ಲ ಟೈರಿನಲ್ಲೂ 10 ಪಿಎಸ್‌ಐ ಕಡಿಮೆ ಇದ್ದರೆ ಡೀಸೆಲ್ ನೂರಕ್ಕೆ ಅರ್ಧದಿಂದ ಒಂದರಷ್ಟು ಜಾಸ್ತಿ ಹೋಗುತ್ತದೆ. ಜೋಡಿ ಟೈರಿನ ಒಳಗಿನದ್ದನ್ನು ಯಾರೂ ನೋಡುವುದಿಲ್ಲ, ಅದನ್ನೇ ನೋಡಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಗೇಜ್ ಹಿಡಿದು. ಅಂಕೋಲಾದ ಟೈರ್ ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ಡ್ರೈವರ್ ಹುಡುಗನಿಗೆ "ತಮಾ, ಇಲ್ಲಿ ಅಂಗೈ ಆಡಿಸು" ಅಂತ ಮುಂದಿನ ಟೈರ್ ತೋರಿಸಿದ್ದನ್ನು ನೋಡಿದೆ. ಹೊರಗಿನಿಂದ ಒಳಕ್ಕೆ ಸವರಿದರೆ ನುಣ್ಣಗೆ, ಒಳಗಿನಿಂದ ಹೊರಕ್ಕೆ ಬಂದರೆ ಟೈರಿನ ರಬ್ಬರ್ ಗಟ್ಟಿಗಳ ಅಂಚುಗಳು ಗರಗಸದ ಹಲ್ಲಿನಂತೆ ಚರ್ಮಕ್ಕೆ ಸಿಗುತ್ತಿದ್ದವು. ಅಲೈನ್‌ಮೆಂಟ್ ಹೋಗಿದೆ ಅಂತ ಅರ್ಥ, ಟೈರ್ ಉರುಳುವ ಬದಲು ಓರೆಯಾಗಿ ಉಜ್ಜಿಕೊಂಡು ಹೋಗುತ್ತಿದೆ, ಟೈರೂ ಹೋಯಿತು, ಡೀಸೆಲ್ಲೂ ಹೋಯಿತು. ನಿಮ್ಮ ಗಾಡಿಗೆ ಇವತ್ತೇ ಹಾಗೆ ಕೈ ಆಡಿಸಿ ನೋಡಿ.

ಸಪಾಟು ರಸ್ತೆಯಲ್ಲಿ ಹೆಚ್ಚು ಬ್ರೇಕ್ ಹಿಡಿಯದೆ ಓಡಿಸಿ ನಿಲ್ಲಿಸಿದಾಗ ಒಂದೇ ಡ್ರಮ್ ಬೇರೆಯವಕ್ಕಿಂತ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಮುಟ್ಟಬೇಡಿ, ಹತ್ತಿರ ಕೈ ಹಿಡಿದರೆ ಸಾಕು. ಘಟ್ಟದಲ್ಲಿ ಬಿಸಿಯಾಗುತ್ತದೆ ಅಂತ ರೇಡಿಯೇಟರ್ ಫ್ಯಾನನ್ನು ಯಾವಾಗಲೂ ತಿರುಗುವಂತೆ ಡೈರೆಕ್ಟ್ ಮಾಡಿಸಿದ್ದರೆ ಅದು ಹೊನ್ನಾವರದ ಸಪಾಟು ರಸ್ತೆಯಲ್ಲೂ ಸುಮ್ನೆ ಎಂಜಿನ್ ಶಕ್ತಿ ತಿನ್ನುತ್ತಿರುತ್ತದೆ, ಬೇಕಾದಾಗ ಮಾತ್ರ ಫ್ಯಾನ್ ತಿರುಗಿಸುವ ಫ್ಯಾನ್ ಕ್ಲಚ್ ರಿಪೇರಿ ಮಾಡಿಸಿ. ಓಪನ್ ಏರ್ ಫಿಲ್ಟರ್ ಹಾಕಿಸಬೇಡಿ, ನಮ್ಮ ಕೆಂಪು ಧೂಳು ಟರ್ಬೋ ಬ್ಲೇಡನ್ನೂ ಲೈನರನ್ನೂ ತಿಂದುಹಾಕುತ್ತದೆ. ಇನ್ನು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರು ದಯವಿಟ್ಟು ಕೇಳಿ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇದ್ದು ಕಾಲು ತೆಗೆದರೆ ಡೀಸೆಲ್ ಪೂರ್ತಿ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಡಲು ಡೀಸೆಲ್ ಬೇಕೇ ಬೇಕು. ಉಳಿಯುವುದಿಲ್ಲ, ಮೇಲಿಂದ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಜೀವ ಹೋಗುವ ಕೆಲಸ ಇದು.

ಏನೇ ಹಾಕಿಸಿದರೂ ಅಳೆಯುವುದು ಹೀಗೆ. ಒಂದೇ ಪಂಪು, ಒಂದೇ ನಾಜಲ್, ಗಾಡಿ ಸಪಾಟು ಜಾಗದಲ್ಲಿ, ಟ್ಯಾಂಕ್ ಪೂರ್ತಿ. ಹೋಗಿ ಬಂದು ಅಲ್ಲೇ ಮತ್ತೆ ಪೂರ್ತಿ ಮಾಡಿ ಲೀಟರ್ ಬರೆದುಕೊಳ್ಳಿ. ಅದೇ ದಾರಿ, ಅದೇ ಡ್ರೈವರ್, ವೇ ಬ್ರಿಜ್ ಚೀಟಿಯಲ್ಲಿ ಅದೇ ತೂಕ. ಒಂದೇ ಕಡೆ ಹೋದ ಲೆಕ್ಕ ಹಿಡಿಯಬೇಡಿ, ಶಿರಸಿಯಿಂದ ಇಳಿದ ಮೈಲೇಜ್ ಯಾರಿಗಾದರೂ ಚೆನ್ನಾಗಿಯೇ ಬರುತ್ತದೆ. ಮಳೆಗಾಲದ ಲೆಕ್ಕಕ್ಕೆ ಬೇಸಿಗೆಯದ್ದನ್ನು ಹೋಲಿಸಬೇಡಿ, ಒದ್ದೆ ರಸ್ತೆಯಲ್ಲಿ ಖರ್ಚು ಜಾಸ್ತಿಯೇ. ಕಿಲೋಮೀಟರಿಗೆ ಜಿಪಿಎಸ್ ನೋಡಿ, ಗಾಡಿ ಮೀಟರ್ ಬೇಡ. ಸವೆದ ಟೈರ್ ಚಿಕ್ಕದು, ಒಂದು ಕಿಲೋಮೀಟರಿಗೆ ಜಾಸ್ತಿ ಸಲ ತಿರುಗುತ್ತದೆ, ಮೀಟರ್ ನೂರಕ್ಕೆ ಎರಡರಷ್ಟು ಜಾಸ್ತಿ ತೋರಿಸಬಹುದು. ಹೊಸ ಟೈರ್ ಹಾಕಿದ ಮೇಲೆ "ಮೈಲೇಜ್ ಬಿತ್ತು" ಅನ್ನುವವರಲ್ಲಿ ಅರ್ಧ ಜನರ ಸಮಸ್ಯೆ ಇದೇ ಇರಬೇಕು ಅಂತ ನನ್ನ ಅನಿಸಿಕೆ.

ಹಾಕುವ ಮೊದಲು ಕೆಲವು ಟ್ರಿಪ್, ಹಾಕಿ ಕೆಲವು ಟ್ರಿಪ್, ಆಮೇಲೆ ಅದನ್ನು ಬಿಚ್ಚಿ ಮತ್ತೆ ಕೆಲವು ಟ್ರಿಪ್. ಬಿಚ್ಚಿದ ಮೇಲೆ ಮೈಲೇಜ್ ಮೊದಲಿನ ಮಟ್ಟಕ್ಕೆ ಇಳಿದರೆ ಮಾತ್ರ ಆ ಸಾಮಾನು ಕೆಲಸ ಮಾಡಿದೆ. ಬಿಚ್ಚಿದ ಮೇಲೂ ಚೆನ್ನಾಗಿಯೇ ಬಂದರೆ, ಡ್ರೈವರ್ ಹುಷಾರಾಗಿ ಓಡಿಸಿದ್ದಾರೆ ಅಂತ ಅರ್ಥ. ವ್ಯತ್ಯಾಸ ನೂರಕ್ಕೆ 3ಕ್ಕಿಂತ ಕಡಿಮೆ ಇದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ, ಟ್ಯಾಂಕ್ ತುಂಬಿಸುವ ಏರುಪೇರೇ ಅಷ್ಟಿರುತ್ತದೆ.

ಕೊನೆಗೆ ದುಡ್ಡಿನ ಲೆಕ್ಕ. ತಿಂಗಳಿಗೆ 4,000 ಕಿಲೋಮೀಟರ್, ಲೀಟರಿಗೆ 4 ಅಂದರೆ 1,000 ಲೀಟರ್. ಲೀಟರಿಗೆ 90 ರೂಪಾಯಿ ಅಂದುಕೊಂಡರೆ ನೂರಕ್ಕೆ ಒಂದರಷ್ಟು ಉಳಿತಾಯ ತಿಂಗಳಿಗೆ 900 ರೂಪಾಯಿ. ನೂರಕ್ಕೆ 3 ಉಳಿಸುವ ಸಾಮಾನಿಗೆ 30,000 ಕೊಟ್ಟರೆ ದುಡ್ಡು ವಾಪಸ್ ಬರಲು 11 ತಿಂಗಳು ಹಿಡಿಯುತ್ತದೆ. ನಿಮ್ಮ ಸಂಖ್ಯೆ ಹಾಕಿ ಇದೇ ಲೆಕ್ಕವನ್ನು ಅಂಗಡಿಯವರ ಎದುರೇ ಮಾಡಿ, ಬಿಚ್ಚಿ ಪರೀಕ್ಷೆ ಮಾಡಿದ ಮೇಲೆ ಉಳಿತಾಯ ಬರದಿದ್ದರೆ ದುಡ್ಡು ವಾಪಸ್ ಅಂತ ಬಿಲ್ ಮೇಲೆ ಬರೆದುಕೊಡಲು ಕೇಳಿ. ಬರೆದುಕೊಡಲು ಒಪ್ಪದಿದ್ದರೆ ಆ ದುಡ್ಡಿನಲ್ಲಿ ಅಲೈನ್‌ಮೆಂಟ್ ಮಾಡಿಸಿ.