ಗೋವಾ–ಕರ್ನಾಟಕ ಗಡಿ: ಮನೆಯಲ್ಲೇ ಕೂತು ಅಧ್ಯಯನ ಶುರು ಮಾಡುವುದು ಹೇಗೆ?

ಕಾರವಾರದ ಮಾಜಾಳಿ ದಾಟಿದರೆ ಪೊಳೆಂ ಚೆಕ್‌ಪೋಸ್ಟ್, ಮುಂದೆ ಗೋವಾದ ಕಾಣಕೋಣ ತಾಲ್ಲೂಕು. ಕೂಲಿ, ಆಸ್ಪತ್ರೆ, ನೆಂಟಸ್ತಿಕೆ ಅಂತ ಜನ ದಿನಾ ಓಡಾಡುತ್ತಾರೆ. ಸರ್ಕಾರಿ ಲೆಕ್ಕ ಮಾತ್ರ ಗಡಿಗೆ ಬಂದು ನಿಂತುಬಿಡುತ್ತದೆ. ಗೋವಾದಲ್ಲಿ ಎಷ್ಟು ಕನ್ನಡಿಗರಿದ್ದಾರೆ ಅಂತ ಕೇಳಿದರೆ ಇಂದಿಗೂ 2011ರ ಜನಗಣತಿಯನ್ನೇ ತೆಗೆಯಬೇಕು. ಈ ಕೊರತೆಯನ್ನು ಸ್ವಲ್ಪ ತುಂಬುವ ಡಿಜಿಟಲ್ ಮಾಹಿತಿ ಪುಕ್ಕಟೆಯಾಗಿ ಸಿಗುತ್ತದೆ. ಇಲ್ಲಿ ಗೋವಾದಲ್ಲಿ ಓದುವ ನಮ್ಮ ಹುಡುಗ ಹುಡುಗಿಯರು ಇದಕ್ಕೆ ಕೈಹಾಕಬೇಕು.

ಮೊದಲು ಪ್ರಶ್ನೆ ಚಿಕ್ಕದಿರಲಿ. ‘ಗಡಿಭಾಗದ ಅಭಿವೃದ್ಧಿ’ ಅಂತ ಹೊರಟರೆ ದಡ ಸೇರುವುದಿಲ್ಲ. ‘ಹತ್ತು ವರ್ಷದಲ್ಲಿ ಕಾಣಕೋಣ ಜಾಸ್ತಿ ಬೆಳೆಯಿತೋ, ಕಾರವಾರವೋ?’ ಇಷ್ಟು ಸಾಕು.

ಆಮೇಲೆ ಕಂಪ್ಯೂಟರಿಗೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಹಾಕಿಕೊಳ್ಳಿ, ಅದು ಉಚಿತ. ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಿಂದ ಎರಡೂ ಕಡೆಯ ರಸ್ತೆ, ಕಟ್ಟಡ ಇಳಿಸಿಕೊಳ್ಳಿ. ಒಂದು ಎಚ್ಚರ: ನಕ್ಷೆಯಲ್ಲಿ ಕಟ್ಟಡ 2020ರಲ್ಲಿ ಸೇರಿದ್ದರೆ ಅದು ಯಾರೋ ಗೆರೆ ಎಳೆದ ವರ್ಷ. ಕಟ್ಟಿದ ವರ್ಷ ಬೇರೆಯೇ ಇರಬಹುದು.

ಮುಖ್ಯ ಕೆಲಸ ರಾತ್ರಿ ಬೆಳಕಿನದು. ಊರು ಬೆಳೆದರೆ ಸಾಮಾನ್ಯವಾಗಿ ದೀಪಗಳೂ ಹೆಚ್ಚುತ್ತವೆ. ವಿಐಐಆರ್‌ಎಸ್ ಎಂಬ ಉಪಗ್ರಹ ಕ್ಯಾಮೆರಾ ತೆಗೆದ ತಿಂಗಳ ಸರಾಸರಿ ಚಿತ್ರಗಳು 2012ರಿಂದ ಸಿಗುತ್ತವೆ. ಒಂದೊಂದು ಚುಕ್ಕೆ ಸುಮಾರು 500 ಮೀಟರ್ ಅಗಲ. ನಮ್ಮ ಕರಾವಳಿಯಲ್ಲಿ ಮಳೆಗಾಲದ ತಿಂಗಳು ಬಿಟ್ಟುಬಿಡಿ, ಮೋಡದಲ್ಲಿ ಏನೂ ಕಾಣದು. ಪ್ರತಿ ವರ್ಷದ ಜನವರಿಯನ್ನು ಜನವರಿಗೇ ಹೋಲಿಸಿ. ಬೆಳಕು ಕಡಿಮೆಯಾದರೆ ಜನ ಊರು ಬಿಟ್ಟರು ಅಂತ ತಕ್ಷಣ ಬರೆಯಬೇಡಿ. ಬೀದಿಗೆ ಬಿಳಿ ಎಲ್‌ಇಡಿ ಬಂದಿರಬಹುದು. ಅದರ ನೀಲಿ ಭಾಗ ಈ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಗೋವಾದ ಗಣಿ ತಾಲ್ಲೂಕು ಸಾಂಗೇ ಕಡೆ ನೋಡುವವರು 2012ರಲ್ಲೂ 2018ರಲ್ಲೂ ಅದಿರು ಗಣಿ ನಿಂತದ್ದನ್ನು ನೆನಪಿಡಿ, ಬೆಳಕು ಇಳಿದದ್ದು ಅದರಿಂದಲೂ ಇರಬಹುದು.

ಜನರ ನಂಟು ನೋಡಬೇಕಾದರೆ ಮೆಟಾದ ಸಾಮಾಜಿಕ ನಂಟಿನ ಸೂಚ್ಯಂಕವಿದೆ. ಎರಡು ಜಿಲ್ಲೆಗಳ ಫೇಸ್‌ಬುಕ್ ಬಳಕೆದಾರರು ಗೆಳೆಯರಾಗಿರುವ ಸಾಧ್ಯತೆ ಎಷ್ಟು ಅಂತ ಅದು ಹೇಳುತ್ತದೆ. ದಕ್ಷಿಣ ಗೋವಾಕ್ಕೆ ಉತ್ತರ ಕನ್ನಡ ಎಷ್ಟು ಹತ್ತಿರ, ಬೆಳಗಾವಿ ಎಷ್ಟು ಹತ್ತಿರ, ಹೋಲಿಸಿ ನೋಡಿ. ಜನ ಗೂಗಲ್‌ನಲ್ಲಿ ಏನು ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್ ಕೂಡ ಇದೆ. ಅದರ 0–100 ಅಂಕಿ ಹುಡುಕಿದವರ ಸಂಖ್ಯೆಯಲ್ಲ ಅನ್ನುವುದು ಗೊತ್ತಿದ್ದರೆ ಸಾಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಹಂತ ಇದು: ಈ ಮಾಹಿತಿಯಲ್ಲಿ ಯಾರು ಸೇರದೆ ಬಿಟ್ಟುಹೋಗಿದ್ದಾರೆ ಅಂತ ಪಟ್ಟಿ ಮಾಡಿ. ಕೀಪ್ಯಾಡ್ ಫೋನಿನ ಗಾರೆ ಕೆಲಸದವರು, ಫೇಸ್‌ಬುಕ್ಕೇ ಇಲ್ಲದ ಮೀನು ಮಾರುವ ಹೆಂಗಸರು ಈ ಯಾವ ಕಡತದಲ್ಲೂ ಇಲ್ಲ. ಅವರನ್ನು ಬಿಟ್ಟ ಅಧ್ಯಯನ ಅರ್ಧ ಅಧ್ಯಯನ. ಅದಕ್ಕೇ ಮಡಗಾಂವ್ ಬಸ್‌ಸ್ಟ್ಯಾಂಡಿಗೆ ಹೋಗಿ. ಕಾರವಾರ ಬಸ್ಸು ಹತ್ತುವವರನ್ನು ಕನ್ನಡದಲ್ಲೇ, ಕೊಂಕಣಿಯಲ್ಲೇ ಮಾತಾಡಿಸಿ. ಲ್ಯಾಪ್‌ಟಾಪ್ ಹೇಳಿದ್ದು ಅವರ ಮಾತಿಗೆ ಹೊಂದುತ್ತದಾ ನೋಡಿ.

ಪ್ರಕಟಿಸುವಾಗ ಗುಡಿಸಲುಗಳ ಜಾಗವನ್ನು ಚುಕ್ಕೆಯಾಗಿ ತೋರಿಸಬೇಡಿ. ವಾಸ್ಕೋದ ಬೈನಾದಲ್ಲಿ 2004ರ ಮಳೆಗಾಲದಲ್ಲಿ ಗುಡಿಸಲು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರೂ ಇದ್ದರು. ನಿಮ್ಮ ನಕ್ಷೆ ಯಾರ ಕೈಗೆ ಹೋಗುತ್ತದೋ ಗೊತ್ತಾಗುವುದಿಲ್ಲ ಅಲ್ವಾ? ಇಡೀ ಪಂಚಾಯಿತಿಯ ಲೆಕ್ಕವಾಗಿ ಒಟ್ಟುಗೂಡಿಸಿಯೇ ಕೊಡಿ.